ವಸ್ತಾದರು ಹಿಂಜಿದ ಮಣ್ಣು

ಮಜ್ಜಿಗೆ, ಅರಿಷಿಣ, ಕಾದ ಶೇಂಗಾ ಎಣ್ಣೆ, ಈ ಮೂರೂ ಕೂಡಿದ ವಾಸನೆ ಅಡುಗೆಮನೆಯಿಂದ ಬಂದರೆ ನಿಮಗೆ ಹಸಿವಾಗುತ್ತದೆ. ನನಗೆ ತೋಳು ನೋಯುತ್ತದೆ. ಮೊನ್ನೆ ಸೊಸೆ ಮಜ್ಜಿಗೆ ಸಾರಿಗೆ ಒಗ್ಗರಣೆ ಹಾಕಿದಾಗಲೂ ಹಾಗೇ ಆಯಿತು. ಪೇಪರು ಓದುತ್ತ ಕೂತವನು ನನಗೇ ತಿಳಿಯದಂತೆ ಬಲಭುಜ ತಿಕ್ಕಿಕೊಳ್ಳುತ್ತಿದ್ದೆ.

“ಯಾಕ್ರಿ ಮಾವಾರ, ಭುಜ ನೋಯಾಕತ್ತೈತೇನ್ರಿ?” ಎಂದಳು.

“ಮಣ್ಣು ಅಗದ ನೋವವ್ವ. ಐವತ್ತು ವರ್ಷ ಆತು” ಎಂದೆ.

ಮಾವನವರಿಗೆ ವಯಸ್ಸಾಯಿತು ಎಂಬಂತೆ ನೋಡಿ ಅವಳು ಒಳಗೆ ಹೋದಳು. ನಿಮಗಾದರೂ ಬಿಡಿಸಿ ಹೇಳುತ್ತೇನೆ. ಆ ಮೂರನ್ನೂ ನಾವು ಊಟಕ್ಕಲ್ಲ, ಮಣ್ಣಿಗೆ ಹಾಕುತ್ತಿದ್ದೆವು. ಗದಗಿನ ಮಗ್ಗುಲ ಬೆಟಗೇರಿಯ ನಮ್ಮ ಗರಡಿಮನೆಯ ಕೆಂಪು ಮಣ್ಣು ನಮ್ಮ ಮನೆಯ ಮಕ್ಕಳಿಗಿಂತ ಹೆಚ್ಚು ಮಜ್ಜಿಗೆ ಕುಡಿದಿದೆ.

ನಮ್ಮದು ನೇಕಾರರ ಮನೆ. ನಾನು ಹತ್ತೊಂಬತ್ತರ ಹುಡುಗ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೂ ಮನಸ್ಸು ಕುಸ್ತಿಯ ಮೇಲೆಯೇ. ಗರಡಿಗೆ ಸೇರಿದ ಮೊದಲ ದಿನ ಮೈಗೆ ಎಣ್ಣೆ ಬಳಿದುಕೊಂಡು, ತೊಡೆ ತಟ್ಟಿಕೊಂಡು ಹೋಗಿದ್ದೆ. ವಸ್ತಾದರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೈಗೆ ಒಂದು ಗುದ್ದಲಿ ಕೊಟ್ಟರು. “ಅಗಿ” ಎಂದರು. ಮೂರು ತಿಂಗಳು ಅಗೆದೆ. ಯಾರೊಬ್ಬರ ಕೈಯನ್ನೂ ಹಿಡಿಯಲು ಬಿಡಲಿಲ್ಲ.

ಕುಸ್ತಿ ಕಲಿಸುವ ಗುರುವಿಗೆ ನಮ್ಮ ಕಡೆ ವಸ್ತಾದ ಎನ್ನುತ್ತಾರೆ. ನಮ್ಮ ವಸ್ತಾದರು ಮಾಬುಸಾಬರು. ಕಸುಬಿನಿಂದ ಪಿಂಜಾರರು, ಹತ್ತಿ ಹಿಂಜಿ ಗಾದಿ ಹೊಲಿಯುವವರು. ಗರಡಿಗೆ ಬರುವಾಗಲೂ ಅವರ ಮೀಸೆಯ ಮೇಲೆ, ಹುಬ್ಬಿನ ಮೇಲೆ ಹತ್ತಿಯ ಎಳೆ ಅಂಟಿರುತ್ತಿತ್ತು. ಕಣದ ಮಣ್ಣನ್ನು ಹದ ಮಾಡುವುದಕ್ಕೂ ಅವರು ತಮ್ಮ ಕಸುಬಿನ ಮಾತನ್ನೇ ಬಳಸುತ್ತಿದ್ದರು. “ಮಣ್ಣ ಹಿಂಜ್ರಿ” ಎನ್ನುತ್ತಿದ್ದರು. ಅಗೆದು, ಹೆಂಟೆ ಒಡೆದು, ಜರಡಿ ಹಿಡಿದು, ಮಜ್ಜಿಗೆ ಎಣ್ಣೆ ಅರಿಷಿಣ ಬೆರೆಸಿ, ಮತ್ತೆ ಅಗೆದು, ಕೊನೆಗೆ ಅವರು ಬಂದು ಬೆರಳು ನೆಟ್ಟಗೆ ಮಾಡಿ ಕೈ ಇಳಿಸುತ್ತಿದ್ದರು. ಮಣಿಕಟ್ಟು ಮುಳುಗಿದರೆ ಆ ದಿನ ಕುಸ್ತಿ. ಮುಳುಗದಿದ್ದರೆ ಮತ್ತೆ ಗುದ್ದಲಿ.

ಅವರ ಕಟ್ಟಳೆಗಳು ಇನ್ನೂ ಇದ್ದವು. ಉಗುರು ಬೆಳೆದವನಿಗೆ ಪ್ರವೇಶವಿಲ್ಲ. ನಮ್ಮ ಹತ್ತೂ ಬೆರಳನ್ನು ತಮ್ಮ ಗಲ್ಲದ ಮೇಲೆ ಎಳೆದು ನೋಡುತ್ತಿದ್ದರು. ಮೈ ಬೆಚ್ಚಗಿದ್ದವನು ಮನೆಗೆ ಹೋಗಬೇಕು. ಸಿಟ್ಟಿನಲ್ಲಿದ್ದವನೂ ಮನೆಗೆ ಹೋಗಬೇಕು. ಒಮ್ಮೆ ನಾನು ಹೊಸ ಉಂಗುರ ಹಾಕಿಕೊಂಡು ಹೋಗಿದ್ದೆ, ಮದುವೆ ನಿಶ್ಚಯವಾಗಿತ್ತು ನೋಡಿ. “ಮದಿವಿ ಮುಗಿಸ್ಕೊಂಡ ಬಾ” ಎಂದು ಎಂಟು ದಿನ ಹೊರಗೆ ಕೂರಿಸಿದರು. ಮುದುಕನಿಗೆ ಮರುಳು ಎಂದು ನಾವು ಹಿಂದಿನಿಂದ ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಾನೇ ನಗುತ್ತಿದ್ದೆನೆಂದು ಈಗ ಒಪ್ಪಿಕೊಳ್ಳುತ್ತೇನೆ.

ಹೀಗೆ ಎರಡು ವರ್ಷ ಕಳೆಯುವಷ್ಟರಲ್ಲಿ ಕನ್ನಡ ನಾಡು ಒಂದಾಯಿತು. ಮುಂಬಯಿ ರಾಜ್ಯದವರಾಗಿದ್ದ ನಾವು ಮಲಗಿ ಏಳುವಷ್ಟರಲ್ಲಿ ಮೈಸೂರು ರಾಜ್ಯದವರಾದೆವು. ಊರೂರಿಗೂ ಸಂಭ್ರಮ. ಲಕ್ಷ್ಮೇಶ್ವರದ ಹಿರಿಯರು ಆ ಖುಷಿಗೆ ದೊಡ್ಡ ಕುಸ್ತಿ ಏರ್ಪಡಿಸಿದರು. ಕೊನೆಯ ಜೋಡಿ ನನ್ನದು ಮತ್ತು ಮುಂಡರಗಿ ಕಡೆಯ ಈರಪ್ಪನದು. ಗೆದ್ದವನಿಗೆ ಬೆಳ್ಳಿ ಕಡಗ. ಈರಪ್ಪ ನನಗಿಂತ ಎರಡು ವರ್ಷ ದೊಡ್ಡವನು, ಹೊಲದಲ್ಲಿ ದುಡಿದು ಬೆಳೆದ ಮೈ. ಅವನನ್ನು ಅದುವರೆಗೆ ಯಾರೂ ಬೆನ್ನು ಮಣ್ಣಿಗೆ ಹತ್ತಿಸಿ ಚಿತ್ ಮಾಡಿರಲಿಲ್ಲ.

ಬೆಳಗಿನ ಬಸ್ಸಿಗೆ ಹೋಗಿ ಇಳಿದೆವು. ಕಾಳಿನ ಪೇಟೆಯ ಹತ್ತಿರ, ಎತ್ತಿನ ಗಾಡಿಗಳು ನಿಲ್ಲುವ ಬಯಲಿನಲ್ಲಿ ಕಣ ಮಾಡಿದ್ದರು. ಸುತ್ತ ಜನವೋ ಜನ. ಬೆಳ್ಳಟ್ಟಿಯಿಂದ, ಶಿರಹಟ್ಟಿಯಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು. ಹಲಗೆ ಬಡಿಯುತ್ತಿತ್ತು. ನನ್ನ ಎದೆಯೂ ಅದರ ಜೋಡಿ ಬಡಿಯುತ್ತಿತ್ತು. ಮೊದಲ ಜೋಡಿ ಇನ್ನೇನು ಇಳಿಯಬೇಕು, ನಮ್ಮ ವಸ್ತಾದರು ಕಣದೊಳಗೆ ಹೋಗಿ ಮಂಡಿಯೂರಿ ಕೂತರು. ಕೈ ಇಳಿಸಿದರು. ನಾಲ್ಕು ಬೆರಳು ಹೋಯಿತು, ನಿಂತಿತು. ಇನ್ನೊಂದು ಕಡೆ ನೋಡಿದರು. ಅಲ್ಲಿಯೂ ಅಷ್ಟೇ. ಮೇಲೆ ಕೆಂಪು ಮಣ್ಣು ಚೆಲ್ಲಿದ್ದರು, ಕೆಳಗೆ ಗಾಡಿಯ ಗಾಲಿ ತುಳಿದು ತುಳಿದು ಒಳಕಲ್ಲಿನಂತಾದ ಎರೆನೆಲ.

ಎದ್ದು ನಿಂತು ಪಂಚರಿಗೆ ಹೇಳಿದರು: “ಸಾವಕಾರ್ರ, ಇಲ್ಲಿ ಕುಸ್ತಿ ಆಗೂದಿಲ್ರಿ. ಅಗೀಬೇಕು.”

ಪಂಚರ ಹಿರಿಯರಿಗೆ ನಗು ಬಂತು. “ವಸ್ತಾದ್ರ, ಮಂದಿ ಕಾಯಾಕತ್ತೈತಿ. ನಾಡ ಒಂದಾದ ಖುಷಿದಾಗ ಇದೆಂಥಾ ಕ್ಯಾತಿ ತಗದ್ರಿ?”

“ನಾಡ ಒಂದಾಗಿದ್ದು ನನಗೂ ಖುಷಿ ಐತ್ರಿ. ಆದ್ರ ನೆಲ ಇನ್ನೂ ಗಟ್ಟಿ ಐತ್ರಿ.”

“ಮತ್ತ ಮಂದಿಗೆ ಏನ ಹೇಳೂಣು?”

“ನನ್ನ ಹೆಸರ ಹೇಳ್ರಿ” ಎಂದರು ವಸ್ತಾದರು. ರುಮಾಲು ಬಿಚ್ಚಿಟ್ಟರು, ಅಂಗಿ ತೆಗೆದು ಮಡಚಿಟ್ಟರು, ಗುದ್ದಲಿ ಕೇಳಿದರು.

ಅರವತ್ತರ ಮುದುಕ ಸಾವಿರಾರು ಜನರ ನಡುವೆ ಒಬ್ಬನೇ ಅಗೆಯತೊಡಗಿದ. ಜನ ಮೊದಲು ಗೊಣಗಿದರು, ಆಮೇಲೆ ಶಿಳ್ಳೆ ಹಾಕಿದರು. “ಗದಗಿನ ಪೈಲ್ವಾನ ಅಂಜ್ಯಾನಲೇ!” ಎಂದು ಯಾರೋ ಕೂಗಿದರು. ಅದು ನನಗೆ. ನಾನು ಲಂಗೋಟಿ ಕಟ್ಟಿಕೊಂಡು ಬದಿಗೆ ನಿಂತಿದ್ದೆ. ಮೂರು ತಿಂಗಳು ಅಗೆದ ಕೈ ಇವು, ಆದರೂ ಹೋಗಿ ಕೈ ಹಚ್ಚಲಿಲ್ಲ. ನಾಚಿಕೆ, ಸಿಟ್ಟು. ಈ ಮುದುಕ ನನ್ನ ಮರ್ಯಾದೆಯನ್ನು ಅಗೆಯುತ್ತಿದ್ದಾನೆ ಅನ್ನಿಸಿತು.

ಕೈ ಹಚ್ಚಿದವನು ಈರಪ್ಪ. ಎದುರಿನ ಮೂಲೆಯಿಂದ ಸುಮ್ಮನೆ ನಡೆದು ಬಂದು, “ಕೊಡ್ರಿ ಇಲ್ಲೆ, ನೀವು ಕುಂಡ್ರಿ” ಎಂದು ಗುದ್ದಲಿ ಇಸಿದುಕೊಂಡ. ಅವನು ಅಗೆಯುವುದನ್ನು ಕಂಡು ಬೆಳ್ಳಟ್ಟಿಯ ನಾಲ್ಕು ಜನ ರೈತರು ಇಳಿದರು. ಕೊನೆಗೆ ಬೇರೆ ದಾರಿಯಿಲ್ಲದೆ ನಾನೂ ಇಳಿದೆ. ಒಂದು ಮೊಳ ಅಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಕಲ್ಲು ಸಿಕ್ಕವು, ಗಾಜು ಸಿಕ್ಕಿತು, ಮೊಳೆಯ ಸಮೇತ ಮುರಿದ ಎತ್ತಿನ ಲಾಳ ಸಿಕ್ಕಿತು. ವಸ್ತಾದರು ಅದನ್ನು ಪಂಚರ ಮುಂದೆ ಮೇಜಿನ ಮೇಲೆ ಇಟ್ಟು ಬಂದರು. ಶಿಳ್ಳೆ ನಿಂತಿತ್ತು.

ನಮ್ಮ ಜೋಡಿ ಬರುವಾಗ ಬಿಸಿಲು ಬಾಗಿತ್ತು. ವಸ್ತಾದರು ನನ್ನ ಉಗುರು ನೋಡಿದರು, ಆಮೇಲೆ ಕಣ್ಣು ನೋಡಿದರು.

“ಸಿಟ್ಟಿನ್ಯಾಗ ಅದಿ ಏನು?”

“ಇಲ್ರಿ” ಎಂದೆ. ಸುಳ್ಳು. ಆ ಸುಳ್ಳು ಅವರಿಗೆ ಗೊತ್ತಾಯಿತೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ.

ಬಹಳ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ಜಗ್ಗಿದೆವು. ಈರಪ್ಪನ ಕೊರಳಿಗೆ ಕೈ ಹಾಕಿದರೆ ಹುಣಸೆಯ ಬೊಡ್ಡೆಗೆ ಕೈ ಹಾಕಿದ ಹಾಗೆ. ಆಮೇಲೆ ಒಂದು ಕ್ಷಣ ಅವನ ತೋಳು ನನ್ನ ಕೈಗೆ ಸಿಕ್ಕಿತು. ತಿರುಗಿ ಕೂತೆ, ಬಟ್ಟೆ ಒಗೆಯುವವರು ಬಟ್ಟೆ ಎತ್ತಿ ಬಂಡೆಗೆ ಬಡಿಯುವಂತೆ ಹೆಗಲ ಮೇಲಿಂದ ಅವನನ್ನು ಎತ್ತಿ ಒಗೆದೆ. ಆ ಪಟ್ಟಿನಲ್ಲಿ ಎದುರಾಳಿಯ ಬೆನ್ನು ಬೀಳುವಂತೆ ಕೊನೆಗೆ ಕೈ ಹಿಡಿದು ನಡೆಸಬೇಕು, ವಸ್ತಾದರು ನೂರು ಸಲ ಕಲಿಸಿದ್ದರು. ಸಿಟ್ಟಿನಲ್ಲಿ ನಾನು ಕೈ ಬಿಟ್ಟೆ. ಈರಪ್ಪ ತಲೆ ಕೆಳಗಾಗಿ ಬಿದ್ದ.

ಹಲಗೆ ನಿಂತಿತು. ಅವನು ಬಿದ್ದಲ್ಲಿಂದ ಅಲುಗಲಿಲ್ಲ. ಐದಾರು ಜನ ಓಡಿ ಬಂದು ರಟ್ಟೆ ಹಿಡಿದು ಎತ್ತಲು ಹೋದರು.

“ಎತ್ತಬ್ಯಾಡ್ರಿ! ಯಾರೂ ಮುಟ್ಟಬ್ಯಾಡ್ರಿ!”

ವಸ್ತಾದರ ಅಂಥ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಎಲ್ಲರ ಕೈಯೂ ಹಿಂದೆ ಸರಿಯಿತು. ಅವರು ಹೊಟ್ಟೆಯ ಮೇಲೆ ಮಲಗಿ, ಈರಪ್ಪನ ತಲೆಯನ್ನು ಎರಡು ಅಂಗೈಯ ನಡುವೆ ಇಟ್ಟುಕೊಂಡು, ಮುಖಕ್ಕೆ ಮುಖ ತಂದು ಮಾತಾಡಿಸಿದರು.

“ತಮ್ಮಾ, ನನ್ನ ಮಾತು ಕೇಳತೈತಿಲ್ಲೋ? ಕೊರಳ ಹೊಳ್ಳಸಬ್ಯಾಡ. ಎಡಗಾಲ ಹೆಬ್ಬಟ್ಟು ಅಲ್ಲಾಡಸು.”

ನಾನು ಆ ಹೆಬ್ಬೆರಳನ್ನೇ ನೋಡುತ್ತ ನಿಂತೆ. ಅದು ಅಲ್ಲಾಡಲಿಲ್ಲ. ಸಾವಿರಾರು ಜನ ಇದ್ದ ಬಯಲಿನಲ್ಲಿ ಒಂದು ಎತ್ತು ಬುಸುಗುಟ್ಟಿದ ಸದ್ದು ಕೇಳಿಸಿತು.

“ಅವಸರ ಇಲ್ಲಪಾ. ನಾ ಹಿಡಕೊಂಡೇನಿ.”

ಬೆರಳು ಅಲ್ಲಾಡಿತು. ಮೊದಲು ಎಡದ್ದು, ಸ್ವಲ್ಪ ಹೊತ್ತಿಗೆ ಬಲದ್ದು. ಆಮೇಲೆ ಕೈಬೆರಳು. ಯಾರೋ ಗಟ್ಟಿಯಾಗಿ ಅತ್ತರು. ನಾನೇ ಇರಬೇಕು.

ವೇದಿಕೆಯ ಮರದ ಹಲಗೆಯೊಂದನ್ನು ಕಿತ್ತು ತರಿಸಿ, ಕೊರಳು ಕದಲದಂತೆ ಅವನನ್ನು ಅದರ ಮೇಲೆ ಸರಿಸಿ, ಊರ ಡಾಕ್ಟರರ ಹತ್ತಿರ ಒಯ್ದರು. ಭುಜದ ಎಲುಬು ಬಿರುಕು ಬಿಟ್ಟಿದೆ, ಕೊರಳಿಗೆ ಏನೂ ಆಗಿಲ್ಲ ಎಂದು ಖಬರು ಬಂತು. ಅಷ್ಟು ಹೊತ್ತೂ ನಾನು ಕಣದಲ್ಲೇ ಕೂತಿದ್ದೆ. ಈರಪ್ಪನ ತಲೆ ಬಿದ್ದಲ್ಲಿ ಮಣ್ಣು ಬೋಗುಣಿಯ ಹಾಗೆ ಕುಳಿಯಾಗಿತ್ತು. ಅದರೊಳಗೆ ಕೈ ಇಳಿಸಿದೆ. ಮಣಿಕಟ್ಟು ಮುಳುಗಿತು, ಅದರ ಮೇಲೂ ನಾಲ್ಕು ಬೆರಳು ಹೋಯಿತು. ಬೆಳಗಿನ ನೆಲವಾಗಿದ್ದರೆ? ಕೈ ತೆಗೆಯದೆ ಆ ಕುಳಿಗೆ ತಲೆ ಬಾಗಿಸಿದೆ. ದೇವರ ಗುಡಿಯಲ್ಲಿ ಕೂಡ ನಾನು ಹಾಗೆ ಬಾಗಿಲ್ಲ.

ಪಂಚರು ಕಡಗ ಹಿಡಿದು ನನ್ನನ್ನು ಕರೆದರು. ವಸ್ತಾದರು, “ಆತ ಚಿತ್ ಆಗಿಲ್ರಿ. ಬೆನ್ನು ಹತ್ತಿಲ್ಲ. ಬರಾಬರಿ ಅನ್ರಿ” ಎಂದರು. ನಾನೂ ಬೇಡವೆಂದೆ. ಒಳ್ಳೆಯತನದಿಂದ ಅಲ್ಲ, ಕೈ ಚಾಚಲು ಆಗಲಿಲ್ಲ.

ಮರುದಿನ ಗರಡಿಗೆ ಹೋದಾಗ ಅವರು ಒಬ್ಬರೇ ಜರಡಿ ಹಿಡಿಯುತ್ತಿದ್ದರು. “ವಸ್ತಾದ್ರ, ನಾ ಬೀಳತೀನಂತ ಅಗದಿರೇನ್ರಿ?” ಎಂದು ಕೇಳಿದೆ.

“ಬೀಳಾಂವ ಯಾರಂತ ಮಣ್ಣಿಗೇನ ಗೊತ್ತಿರತೈತೋ?” ಎಂದರು. ಜರಡಿ ನಿಲ್ಲಿಸದೆ ಹೇಳಿದರು. ತಮ್ಮ ಪ್ರಾಯದಲ್ಲಿ ಹೊಂಬಳದ ಗೆಳೆಯನೊಬ್ಬನಿದ್ದನಂತೆ, ಕೂಡಿಯೇ ಕುಸ್ತಿ ಕಲಿತವರು. ಇಂಥದೇ ಗಟ್ಟಿ ಕಣದಲ್ಲಿ ಬಿದ್ದ. ಇವರೇ ಓಡಿ ಹೋಗಿ ಕೈಕಾಲು ಹಿಡಿದು ಎತ್ತಿದರು. ಅವನು ಮತ್ತೆ ಏಳಲಿಲ್ಲ. ಹನ್ನೊಂದು ವರ್ಷ ಹಾಸಿಗೆಯಲ್ಲಿದ್ದ.

“ಒಂಬತ್ತು ಗಾದಿ ಹೊಲದು ಕೊಟ್ಟೆ ಅವಗ. ಊರಾಗಿನ ಛಲೋ ಹತ್ತಿ ಹಾಕಿ. ಬಿದ್ದ ಮ್ಯಾಲೆ ಗಾದಿ ಹಾಸಿದ್ರ ಏನ ಬಂತು ತಮ್ಮಾ? ಬೀಳೂಕಿಂತ ಮೊದಲ ಹಾಸಬೇಕು.”

ನಾನು ಗುದ್ದಲಿ ತೆಗೆದುಕೊಂಡೆ. ಯಾರೂ ಹೇಳಿರಲಿಲ್ಲ.

ಈರಪ್ಪ ಮೂರು ತಿಂಗಳಿಗೆ ನೆಟ್ಟಗಾದ, ಮುಂದೆ ಮುಂಡರಗಿಯಲ್ಲಿ ತಾನೇ ವಸ್ತಾದನಾದ. ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕು, ನನ್ನ ಹೆಗಲ ಮೇಲೆ ಕೈ ಹಾಕಿ, “ನಾ ಅಗದ ಮಣ್ಣಾಗ ನಾನ ಬಿದ್ದೆ ನೋಡೋ” ಎಂದು ಬಾಯಿ ತುಂಬ ನಕ್ಕ. ಮಾಬುಸಾಬರು ಕೊನೆಯವರೆಗೂ ಮೀಸೆಯ ಮೇಲೆ ಹತ್ತಿ ಹೊತ್ತುಕೊಂಡೇ ಗರಡಿಗೆ ಬಂದರು.

ನಾನು ಮಾತ್ರ ಇಷ್ಟು ವರ್ಷ ಈ ಕಥೆಯನ್ನು ನಾನು ಈರಪ್ಪನನ್ನು ಒಗೆದ ಕಥೆಯಾಗಿ ಹೇಳುತ್ತ ಬಂದೆ. ಆ ಕೈ ಬಿಟ್ಟದ್ದನ್ನು ಹೇಳಲಿಲ್ಲ. ನಿಮಗೇ ಮೊದಲು ಹೇಳಿದ್ದು.

ನಿನ್ನೆ ಗದಗಿನಲ್ಲಿ ಹೆಣ್ಣುಮಕ್ಕಳ ಕುಸ್ತಿ ಇತ್ತು. ಹಳೆಯ ಪೈಲ್ವಾನನೆಂದು ನನ್ನನ್ನೂ ಕರೆದು ಮೊದಲ ಸಾಲಿನಲ್ಲಿ ಕೂರಿಸಿದ್ದರು. ಈಗ ಮಣ್ಣಿಲ್ಲ, ಮ್ಯಾಟು. ಹಿಂದೆಲ್ಲ ಹೋದಾಗ ಹಾರ ಹಾಕಿಸಿಕೊಂಡು, ಚಪ್ಪಾಳೆ ತಟ್ಟಿ ಬಂದುಬಿಡುತ್ತಿದ್ದೆ. ನಿನ್ನೆ ಎದ್ದು, ಚಪ್ಪಲಿ ಕಳಚಿ, ಮ್ಯಾಟಿನ ಮೇಲೆ ಮಂಡಿಯೂರಿ ಕೂತೆ. ಎರಡು ಮ್ಯಾಟು ಕೂಡುವಲ್ಲಿ ಕಾಲ್ಬೆರಳು ಸಿಕ್ಕುವಷ್ಟು ಸಂದು ಬಿಟ್ಟಿತ್ತು. “ಇದನ್ನ ಕೂಡಿಸೂತನಕ ಕುಸ್ತಿ ಬ್ಯಾಡ್ರಿ” ಎಂದೆ. ಸಂಘಟಕರು ಗಡಿಯಾರ ನೋಡಿಕೊಂಡರು. ಹಿಂದೆ ಯಾರೋ ನಕ್ಕರು. ಕೆಂಪು ಉಡುಪಿನ ಹುಡುಗಿಯೊಬ್ಬಳು ಕಾದು ಕಾದು ಬೇಸತ್ತು ನನ್ನ ಹತ್ತಿರ ಬಂದಳು.

“ಅಜ್ಜಾರ, ಜಲ್ದಿ ಮಾಡ್ರಿ. ನನ್ನ ಪಾಳಿ ಐತ್ರಿ.”

“ಹೂಂನವ್ವ” ಎಂದೆ.

ಆದರೆ ಜಲ್ದಿ ಮಾಡಲಿಲ್ಲ.