ಊಟಕ್ಕೆ ಹೋದ ಫೋನುಗಳು

ಇವತ್ತು ಚಿತ್ತಾಪುರದ ಒಂದು ಆಫೀಸಿನಲ್ಲಿ ಹೊಸ ಟೆಲಿಫೋನಿನ ಡಬ್ಬಿ ಬಿಚ್ಚಿದೆ. ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ನಿಮಗಾದರೆ ಮಲ್ಲಿಗೆಯ ವಾಸನೆಗೆ ಯಾರಾದರೂ ನೆನಪಾಗಬಹುದು. ನನ್ನ ಕಸುಬಿಗೆ ಇಷ್ಟೇ ಸುಗಂಧ. ನೆನಪಾದವರು ಶರಣಪ್ಪನವರು.

ಕೆಲವು ವರ್ಷಗಳ ಹಿಂದಿನ ಮಾತು. ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ಒಳಗಿನ ಫೋನುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಲ್ಲುಗಣಿಯಲ್ಲಿ ಮದ್ದು ಸಿಡಿಸುವುದರಿಂದ ಅಲ್ಲಿಯವರೆಲ್ಲ ಮೊಬೈಲನ್ನು ಗೇಟಿನಲ್ಲೇ ಕೊಟ್ಟು ಹೋಗಬೇಕು. ಗಣಿ ಆಫೀಸಿನ ಗುಮಾಸ್ತರಾದ ಶರಣಪ್ಪನವರಿಗೆ ಮೇಜಿನ ಫೋನೇ ಗತಿ. ಅದಕ್ಕೆ ಯಾರು ಕರೆ ಮಾಡಿದರೂ ಎಂಗೇಜ್. ಅವರ ಮಗಳನ್ನೋ ಮೊದಲ ಹೆರಿಗೆಗೆಂದು ಚಿಂಚೋಳಿಯ ಆಸ್ಪತ್ರೆಗೆ ಸೇರಿಸಿದ್ದರು.

"ಸಾಹೇಬ್ರ, ಜೀವ ಕೈಯಾಗ ಹಿಡ್ಕೊಂಡ್ ಕುಂತೀನ್ರಿ. ಇದೊಂದು ಫೋನ್ ಸರಿ ಮಾಡ್ರಿ," ಎಂದರು.

ವೈರು ತಡಕಿದೆ. ಎಕ್ಸ್‌ಚೇಂಜ್ ಪೆಟ್ಟಿಗೆಯನ್ನು ಆರಿಸಿ ಹಚ್ಚಿದೆ. ವಾಡಿಯಿಂದ ಬೇರೆ ಫೋನೇ ತರಿಸಿ ಕೂರಿಸಿದೆ. ಆದರೂ ಎಂಗೇಜ್. ಡಾಕ್ಟರರ ಹಾಗೆ ಮುಖ ಗಂಭೀರ ಮಾಡಿಕೊಂಡು, ದೊಡ್ಡ ದೋಷವೇ ಇದೆ ಎಂದು ಹೇಳಿಯೂಬಿಟ್ಟೆ.

ಊಟದ ಹೊತ್ತಿಗೆ ಶರಣಪ್ಪನವರು ಏಳುತ್ತ ಫೋನಿನ ಕೆಲವು ಗುಂಡಿ ಒತ್ತಿದರು.

"ಏನ್ ಒತ್ತಿದ್ರಿ?"

"ಉಣ್ಣಾಕ ಹೊಂಟೀನಲ್ರಿ. ಫೋನ್ ಬಂದ್ರ ಬಾಜೂಕ ಸ್ಟೋರಿನ ಮಲ್ಲಣ್ಣಗ ಹೋಗ್ತದ, ಅಂವ ಎತ್ತತಾನ. ಮಗಳ ಸುದ್ದಿ ತಪ್ಪಬಾರದು ನೋಡ್ರಿ."

ಸ್ಟೋರಿಗೆ ಓಡಿದೆ. ಮಲ್ಲಣ್ಣ ತನ್ನ ಫೋನನ್ನು ಲಾರಿ ತೂಗುವ ಕಾಟಾದ ಖಾಜಾಭಾಯಿಗೆ ತಿರುಗಿಸಿಟ್ಟಿದ್ದ. ಖಾಜಾಭಾಯಿ ತನ್ನದನ್ನು ಶರಣಪ್ಪನವರಿಗೆ! ನಮ್ಮ ಕಡೆ ಮನೆಗೆ ಕೀಲಿ ಹಾಕುವಾಗ ಬಾಜೂಕಿನವರಿಗೆ "ಜರಾ ನೋಡ್ಕೋರಿ" ಎನ್ನದೆ ಯಾರೂ ಹೊರಡುವುದಿಲ್ಲ. ಫೋನಿಗೂ ಅದೇ ರಿವಾಜು. ಒಪ್ಪಿಸಿದ್ದನ್ನು ವಾಪಸ್ ಪಡೆಯುವುದನ್ನು ಮಾತ್ರ ಮೂವರೂ ಮರೆತಿದ್ದರು. ಒಮ್ಮೆ ತಿರುಗಿಸಿದ್ದು ಎಕ್ಸ್‌ಚೇಂಜ್ ಪೆಟ್ಟಿಗೆಯ ನೆನಪಿನಲ್ಲಿ ಉಳಿಯುತ್ತದೆ; ಫೋನ್ ಬದಲಿಸಿದರೂ, ಪೆಟ್ಟಿಗೆ ಆರಿಸಿ ಹಚ್ಚಿದರೂ ಅಳಿಯದು. ಕರೆ ಮೂರು ಮೇಜುಗಳ ನಡುವೆ ಸುತ್ತಿ ಸುತ್ತಿ ಸುಸ್ತಾಗುತ್ತಿತ್ತು. ಆ ಮೂವರು ಕ್ಯಾಂಟೀನಿನ ಒಂದೇ ಬೆಂಚಿನ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದರು.

ಫೋನ್ ತಿರುಗಿಸುವ ಈ ಸವಲತ್ತನ್ನೇ ಕಿತ್ತುಹಾಕೋಣ ಎನ್ನಿಸಿತು. ಮನಸ್ಸು ಬರಲಿಲ್ಲ. ಖಾಜಾಭಾಯಿಯ ಫೋನನ್ನಷ್ಟೇ ಶರಣಪ್ಪನವರ ಕಡೆಯಿಂದ ಬಿಡಿಸಿ, ಕ್ಯಾಂಟೀನಿನ ಗುರುಬಾಯಿಯ ಕಡೆಗೆ ತಿರುಗಿಸಿದೆ. ಆಕೆ ಒಲೆ ಬಿಟ್ಟು ಎಲ್ಲಿಗೂ ಹೋಗುವವಳಲ್ಲ.

ಮರುದಿನ ಶರಣಪ್ಪನವರು ಗಣಿಗೆ ಇಳಿದಿದ್ದಾಗ ಚಿಂಚೋಳಿಯಿಂದ ಕರೆ ಬಂತು. ಮಲ್ಲಣ್ಣ, ಖಾಜಾಭಾಯಿ ಇಬ್ಬರೂ ಊಟಕ್ಕೆ ಎದ್ದಿದ್ದರು. ಕರೆ ಮೂರೂ ಮೇಜು ದಾಟಿ ಒಲೆಯ ಪಕ್ಕದ ಫೋನಿನಲ್ಲಿ ರಿಂಗಾಯಿತು. ಶರಣಪ್ಪನವರು ಮೈಯೆಲ್ಲ ಧೂಳಾಗಿ ಬಂದಾಗ ಕ್ಯಾಂಟೀನಿನ ತುಂಬ ಜನ ಸಕ್ಕರೆ ಮುಕ್ಕುತ್ತಿದ್ದರು.

"ಏನ್ ವಿಶೇಷ?" ಎಂದರು.

"ಬಾಯಿ ತೆಗೀರಿ ಅಣ್ಣಾ," ಎಂದು ಗುರುಬಾಯಿ ಒಂದು ಹಿಡಿ ಸಕ್ಕರೆ ಸುರಿದಳು. "ಮೊಮ್ಮಗಳು ಹುಟ್ಯಾಳ. ತಾಯಿ, ಕೂಸು ಇಬ್ಬರೂ ಆರಾಮ ಅದಾರ. ಎಲ್ಲರಿಗೂ ಹೇಳೀನಿ, ನೀವೊಬ್ಬರೇ ಉಳಿದಿದ್ರಿ!"

ಸಕ್ಕರೆ ತುಂಬಿದ ಬಾಯಲ್ಲಿ ಅವರು ಅತ್ತರೋ ನಕ್ಕರೋ ತಿಳಿಯಲಿಲ್ಲ. ನನಗಂತೂ ಕಣ್ಣು ತುಂಬಿ ಬಂತು.

"ಫೋನ್ ತಿರುಗಿಸೋದು ಪೂರಾ ಬಂದ್ ಮಾಡಿಬಿಡ್ರಿ, ಕಿರಿಕಿರಿ ಬ್ಯಾಡ," ಎಂದು ಇವತ್ತು ಚಿತ್ತಾಪುರದ ಆಫೀಸಿನ ಮ್ಯಾನೇಜರು ನನ್ನ ಬೆನ್ನ ಹಿಂದೆ ನಿಂತು ಹೇಳುತ್ತಿದ್ದರು. ಮೊದಲಿನ ನಾನಾಗಿದ್ದರೆ ಕೂಡಲೇ ಮಾಡಿ ಮುಗಿಸುತ್ತಿದ್ದೆ.

"ಮಾಡೋಣಂತ್ರಿ," ಎಂದೆ. "ಮೊದಲ ಒಂದು ಹೇಳ್ರಿ. ನಿಮ್ಮ ಆಫೀಸಿನ್ಯಾಗ ಊಟದ ಹೊತ್ತಿನ್ಯಾಗೂ ಎದ್ದು ಹೋಗದವರು ಯಾರ್ ಅದಾರ್ರಿ?"