ಕುದುರೆಮರಿಯ ಎದೆಯ ಊತ

1994ರ ಬೇಸಿಗೆ. ನಾನು ಮದುವೆಯಾಗಿ ಬಿಂಡಿಗನವಿಲೆ ಹತ್ತಿರದ ಹಳ್ಳಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ. ಅಲ್ಲಿ ಕುದುರೆ ಅಂದರೆ ರಸ್ತೆಯಲ್ಲಿ ಜಟಕಾ ಎಳೆದುಕೊಂಡು ಹೋಗುವ ಪ್ರಾಣಿ, ದೂರದಿಂದ ನೋಡಿದರೆ ಸಾಕು ಎಂದುಕೊಂಡಿದ್ದವಳು ನಾನು. ಇಲ್ಲಿ ನೋಡಿದರೆ ಕೊಟ್ಟಿಗೆಯಲ್ಲೇ ಒಂದು ಹೆಣ್ಣು ಕುದುರೆ! ಊರಿಗೆಲ್ಲ ಮೊಪೆಡ್ಡು ಬಂದಿದ್ದರೂ ನಮ್ಮ ಮಾವ ಮಾತ್ರ ಹೊಲಕ್ಕೆ, ಕುರಿಹಟ್ಟಿಗೆ ಕುದುರೆ ಮೇಲೆಯೇ ಹೋಗುತ್ತಿದ್ದರು.

ನನ್ನನ್ನು ಮನೆ ತುಂಬಿಸಿಕೊಂಡ ದಿನವೇ ಆ ಕುದುರೆ ಮರಿ ಹಾಕಿತ್ತು. ಕಂದು ಬಣ್ಣದ ಗಂಡು ಮರಿ. ನೆಂಟರೆಲ್ಲ ಸೊಸೆಯ ಕಾಲ್ಗುಣ ಎಂದು ಹೊಗಳಿದ್ದೇ ಹೊಗಳಿದ್ದು. ನಾನೇನು ಮಾಡಿದ್ದೆ? ಹೊಸಿಲ ಮೇಲಿನ ಸೇರು ಒದ್ದಿದ್ದೆ, ಅಷ್ಟೆ. ಆದರೂ ಹೊಗಳಿಸಿಕೊಳ್ಳುವುದು ಯಾರಿಗೆ ಬೇಡ? ಮರಿಯೂ ನನಗೆ ಒಗ್ಗಿಕೊಂಡಿತು. ಯಜಮಾನರು ಕೆ.ಆರ್.ಪೇಟೆಯಲ್ಲಿ ಕೆಲಸದಲ್ಲಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಅತ್ತೆ ಮಾತೇ ಆಡುವವರಲ್ಲ. ಹಾಗಾಗಿ ಆ ಮನೆಯಲ್ಲಿ ನಾನು ಬಾಯ್ತುಂಬ ಮಾತಾಡುತ್ತಿದ್ದುದು ಕುದುರೆಮರಿಯ ಜೊತೆಗೇ.

ಒಂದು ದಿನ ಅದು ನಾಯಿಗೆ ಬೆದರಿ ಓಡಿ, ಅಂಗಳದಲ್ಲಿ ನಿಲ್ಲಿಸಿದ್ದ ಎತ್ತಿನಗಾಡಿಯ ಮುಂದೆ ಚಾಚಿದ್ದ ಮೂಕಿಮರಕ್ಕೆ ಎದೆ ಹೊಡೆದುಕೊಂಡಿತು. ಗಾಯವೇನೂ ಕಾಣಲಿಲ್ಲ. ಸಂಜೆಯ ಹೊತ್ತಿಗೆ ಎದೆಯ ಎಡಗಡೆ ಊದತೊಡಗಿತು. ಮಾರನೆಯ ದಿನ ನೋಡಿದರೆ ಚರ್ಮದ ಒಳಗೆ ಸಣ್ಣ ಕುಂಬಳಕಾಯಿ ಇಟ್ಟ ಹಾಗಿದೆ! ಮುಟ್ಟಿದರೆ ಒಳಗೆ ನೀರು ಕುಲುಕಿದಂತಾಗುತ್ತಿತ್ತು.

ಮಾವ ನಾಗಮಂಗಲದಿಂದ ದನದ ಡಾಕ್ಟರನ್ನು ಕರೆಸಿದರು. ಅವರು ಬಂದಾಗ ಅತ್ತೆ ಹೊಲದಲ್ಲಿದ್ದರು. ಡಾಕ್ಟರು ಸೂಜಿ ಚುಚ್ಚಿ ಎಳೆದರು. ಸಿರಿಂಜಿನಲ್ಲಿ ಕಪ್ಪುಗೆಂಪು ರಕ್ತ ಬಂತು.

"ಇದು ಕೀವಿನ ಗಡ್ಡೆ ಅಲ್ಲ. ಒಳಗೆ ರಕ್ತನಾಳ ಒಡೆದು ರಕ್ತ ತುಂಬಿಕೊಂಡಿದೆ. ಈಗಲೇ ಕುಯ್ದರೆ ರಕ್ತ ನಿಲ್ಲದೆ ಮರಿ ಸತ್ತರೂ ಸಾಯಬಹುದು. ಒಳಗಿನದು ತಾನಾಗಿ ಕಟ್ಟಿಕೊಳ್ಳಲಿ, ಆಮೇಲೆ ನಾನೇ ಬಂದು ಕುಯ್ತೀನಿ. ಅಲ್ಲೀವರೆಗೂ ತಣ್ಣೀರು ಬಿಡಿ. ಕಾವು ಗೀವು ಕೊಡಬೇಡಿ, ತಿಕ್ಕಬೇಡಿ" ಎಂದು ಹೇಳಿ, ಒಂದು ಇಂಜೆಕ್ಷನ್ ಕೊಟ್ಟು ಹೋದರು.

ಮಾವ ನನ್ನನ್ನು ಪಕ್ಕಕ್ಕೆ ಕರೆದು, "ನೀರು ಉಯ್ಯೋ ಕೆಲ್ಸ ನಿಂದೇ ಕಣವ್ವ. ನಿಮ್ಮತ್ತೆಗೆ ಏಳ್ಬ್ಯಾಡ. ಊತಕ್ಕೆ ತಣ್ಣೀರು ಅಂದ್ರೆ ಅವ್ಳು ಒಪ್ಪಲ್ಲ" ಅಂದರು. ಅತ್ತೆ ಬಂದು ಡಾಕ್ಟರು ಏನಂದರು ಎಂದು ಕೇಳಿದ್ದಕ್ಕೆ ಮಾವ, "ಈಗ ಏನೂ ಮಾಡಕ್ಕಾಗಲ್ವಂತೆ" ಎಂದಷ್ಟೇ ಹೇಳಿ ಟವಲು ಕೊಡವಿಕೊಂಡು ಎದ್ದುಹೋದರು. ಅತ್ತೆಯೂ ಮತ್ತೆ ಕೇಳಲಿಲ್ಲ.

ಬೆಳಿಗ್ಗೆ ಅತ್ತೆ ಡೈರಿಗೆ ಹಾಲು ಹಾಕಲು ಹೋದ ತಕ್ಷಣ ನಾನು ಕೊಟ್ಟಿಗೆಗೆ ಓಡುತ್ತಿದ್ದೆ. ತೊಟ್ಟಿಯಿಂದ ಬಿಂದಿಗೆಗಟ್ಟಲೆ ನೀರು ತಂದು ಊತದ ಮೇಲೆ ನಿಧಾನವಾಗಿ ಬಿಡುತ್ತಿದ್ದೆ. ಮರಿ ಮೊದಲು ಚರ್ಮ ಅದುರಿಸಿ, ಆಮೇಲೆ ಸುಮ್ಮನೆ ನಿಲ್ಲುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಊತ ಸ್ವಲ್ಪ ಇಳಿದ ಹಾಗೆ ಕಾಣುತ್ತಿತ್ತು. ಖುಷಿಯಾಗುತ್ತಿತ್ತು. ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ಹಿಂದಿನ ದಿನಕ್ಕಿಂತ ದಪ್ಪ!

ಇದೇನು ಮಾಯವೋ ತಿಳಿಯದು. ನಾನು ಹಾಕುತ್ತಿರುವ ನೀರಿನಿಂದಲೇ ಹೆಚ್ಚಾಗುತ್ತಿದೆಯೇ? ನೀರು ಕಡಿಮೆ ಮಾಡಿದೆ. ಬೆಳಿಗ್ಗೆ ಊತ ಹಾಗೇ ಇತ್ತು. ಜಾಸ್ತಿ ಮಾಡಿದೆ. ಆಗಲೂ ಹಾಗೇ ಇತ್ತು. ಡಾಕ್ಟರು ಇನ್ನೊಮ್ಮೆ ಬಂದವರು ತಲೆ ಕೆರೆದುಕೊಂಡರು. "ತಣ್ಣೀರೇ ತಾನೇ ಬಿಡ್ತಿರೋದು?" ಎಂದು ನನ್ನನ್ನೇ ಅನುಮಾನದಿಂದ ನೋಡಿದರು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಊರ ಬಾಯಿ ತೆರೆದಿತ್ತು. ಪಕ್ಕದ ಮನೆಯಾಕೆ ಮಜ್ಜಿಗೆಗೆ ಬಂದವಳು ನಡುಮನೆಯಲ್ಲಿ ಕೂತು, ನನಗೆ ಕೇಳಿಸುವ ಹಾಗೇ, "ಸೊಸೆ ಬಂದ ಗಳಿಗೇಲಿ ಉಟ್ಟಿದ್ ಮರಿ ಅಲ್ವೇನಕ್ಕ? ಅದಕ್ಕೇ ಇಂಗಾದ್ರೆ ಕಾಲ್ಗುಣ ಅನ್ನದು ಏನ್ ಬಂತು" ಅಂದಳು. ನಾನು ಒಲೆಯ ಮುಂದೆ ಕಿವಿ ನಿಮಿರಿಸಿ ಕೂತಿದ್ದೆ. ಅತ್ತೆ ಒಂದು ಮಾತು ಬೈಯಲಿ, ಬಿಡು ಎನ್ನಲಿ ಎಂದು ಕಾದೆ. ಅತ್ತೆ ಮಜ್ಜಿಗೆ ಬಗ್ಗಿಸಿ ಕೊಟ್ಟು ಒಳಗೆ ಬಂದರು. ಒಂದೇ ಒಂದು ಮಾತಿಲ್ಲ! ಓಹೋ, ಇವರ ಮನಸ್ಸಿನಲ್ಲೂ ಅದೇ ಇದೆ ಎಂದುಕೊಂಡೆ. ಇಷ್ಟು ದಿನ ಮರಿ ಉಳಿಯಬೇಕು ಎಂದಷ್ಟೇ ಇತ್ತು. ಅವತ್ತಿನಿಂದ ಮರಿ ಉಳಿದರೆ ನನ್ನ ಮಾನವೂ ಉಳಿಯಿತು ಎನ್ನುವ ಹಾಗಾಯಿತು.

ಕೊನೆಗೆ ಮಾವನಿಗೂ ತಾಳ್ಮೆ ತಪ್ಪಿತು. "ಡಾಕ್ಟ್ರು ಮಾತು ಕೇಳಿ ಕೆಟ್ಟೆ. ನಾಳೆ ಬರೆ ಆಕೋರ್ನ ಕರುಸ್ತೀನಿ. ಊತನ ಸೀಳಿ ಕಾದ ಕಬ್ಬಿಣ ಇಡ್ಲಿ, ಬಂದಂಗ್ ಬರ್ಲಿ" ಎಂದುಬಿಟ್ಟರು. ಕುಯ್ದರೆ ರಕ್ತ ನಿಲ್ಲುವುದಿಲ್ಲ ಎಂದ ಡಾಕ್ಟರ ಮಾತು ಕಿವಿಯಲ್ಲೇ ಇತ್ತು. ಮಾವನ ಎದುರು ನಿಂತು ಹೇಳುವ ಧೈರ್ಯ ಎಲ್ಲಿಂದ ತರಲಿ?

ಅವತ್ತು ಸಂಜೆ ಎಂದಿನಂತೆ ದೀಪ ಹಚ್ಚಿದೆ. ಆ ಮನೆಯಲ್ಲಿ ಮುಸ್ಸಂಜೆಯ ದೀಪ ಹೊಸ ಸೊಸೆಯೇ ಹಚ್ಚಬೇಕು. ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂತಿರಬೇಕು, ಹೊಸಿಲು ದಾಟಬಾರದು. ನಾನು ಒಂದು ದಿನವೂ ತಪ್ಪಿಸಿರಲಿಲ್ಲ. ಅವತ್ತು ಕೂತಲ್ಲಿ ಕೂರಲಾಗಲಿಲ್ಲ. ಮರಿಯನ್ನು ಒಂದು ಸಲ ನೋಡಿ ಬರೋಣ ಎಂದು ಮೆಲ್ಲಗೆ ಹಿತ್ತಲ ಬಾಗಿಲಿಂದ ಕೊಟ್ಟಿಗೆಗೆ ಹೋದೆ.

ಕೊಟ್ಟಿಗೆಯಲ್ಲಿ ಅತ್ತೆ ಕುಕ್ಕರುಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಹಬೆಯಾಡುವ ಪಾತ್ರೆ. ಬೇಯಿಸಿದ ಹುಣಸೆ ಸೊಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಆ ಊತಕ್ಕೆ ಒತ್ತಿ ಒತ್ತಿ ಕಾವು ಕೊಡುತ್ತಿದ್ದಾರೆ!

"ಅತ್ತೆ! ಡಾಕ್ಟ್ರು ಬಿಸಿ ತಾಗಿಸಲೇಬೇಡಿ ಅಂದಿದ್ರು" ಎಂದು ಕೂಗಿಯೇಬಿಟ್ಟೆ.

ಅತ್ತೆ ಬೆಚ್ಚಿಬಿದ್ದರು. "ಯಾವಾಗಂದ? ಏನೂ ಮಾಡಕ್ಕಾಗಲ್ಲ ಅಂತ ಕೈಬುಟ್ಟು ಓದ ಅಂದ್ರಲ್ಲ ನಿಮ್ಮಾವ?"

"ಇಲ್ಲ ಅತ್ತೆ, ತಣ್ಣೀರು ಬಿಡಿ ಅಂದ್ರು. ನೀವು ಡೈರಿಗೆ ಹೋದಾಗ ದಿನಾ ನಾನು ಹುಯ್ತಿದ್ದೆ. ನಿಮಗೆ ಹೇಳಬೇಡ ಅಂದಿದ್ರು ಮಾವ."

ಅತ್ತೆ ಗಂಟನ್ನು ಕೆಳಗೆ ಬಿಟ್ಟು ನೆಲದ ಮೇಲೆ ಕೂತುಬಿಟ್ಟರು. "ಅಯ್ಯೋ ಶಿವನೇ! ಬೆಳಿಗ್ಗೆ ನೀನು ತಣ್ಣಗ್ ಮಾಡದು, ಸಂಜೆ ನಾನು ಬಿಸಿ ಮಾಡದು. ಈ ಮೂಗುಪ್ರಾಣಿ ಗತಿ ಏನಾಗ್ಬೇಕವ್ವ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನೀವ್ಯಾಕೆ ಅತ್ತೆ ಒಬ್ಬರೇ ಕದ್ದು..." ಎಂದೆ.

ಅವರು ಮರಿಯ ಕಾಲು ಸವರುತ್ತಾ ಹೇಳಿದರು. "ನಾನು ಈ ಮನೆಗೆ ಬಂದ ವರ್ಸ ಒಂದೆತ್ತು ಸತ್ತೋಯ್ತು ಕಣವ್ವ. ನಮ್ಮತ್ತೆ ಸಾಯೋಗಂಟ ಅದ್ನೇ ಅಂದ್ರು. ಉಣ್ಣಕ್ ಕೂತ್ರೂ ಅದೇ ಮಾತು. ಇದುಕ್ ಏನಾರ ಎಚ್ಚುಕಮ್ಮಿಯಾದ್ರೆ ನಿನ್ ತಲೆಗ್ ಕಟ್ತಾರೆ. ಅದಾಗ್ಬಾರ್ದು ಅಂತ. ನೀನು ನೋಡಿದ್ರೆ ಇನ್ನೂ ಎದುರ್ಕೋತೀಯ ಅಂತ, ದೀಪದ ಒತ್ನಲ್ಲಿ ಬತ್ತಿದ್ದೆ."

ಮಜ್ಜಿಗೆ ಕೊಟ್ಟು ಸುಮ್ಮನೆ ಒಳಗೆ ಬಂದ ಅತ್ತೆಯನ್ನು ಎಷ್ಟು ಬೈದುಕೊಂಡಿದ್ದೆ ಮನಸ್ಸಿನಲ್ಲಿ! ಅಲ್ಲೇ ಅವರ ಪಕ್ಕ ಕೂತು ಜೋರಾಗಿ ಅತ್ತುಬಿಟ್ಟೆ.

ಅವತ್ತು ರಾತ್ರಿ ಊಟಕ್ಕೆ ಕೂತ ಮಾವನ ಮುಂದೆ ಅತ್ತೆ ಸೌಟು ಹಿಡಿದು ನಿಂತರು. "ನಾಳೆ ಯಾರೂ ಬರೆ ಗಿರೆ ಅಂತ ನನ್ ಅಟ್ಟಿಗೆ ಬರಕೂಡ್ದು. ಡಾಕ್ಟ್ರು ಏಳ್ದಂಗೇ ನಡೀಬೇಕು. ನೀವು ಅರ್ಧ ಮಾತು ಏಳಿ ಎದ್ದೋಗಿದ್ಕೇ ಇಷ್ಟೆಲ್ಲ ಆಗಿದ್ದು" ಅಂದರು. ಮಾವ ಅತ್ತೆಯ ಮುಖ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ತಲೆಬುಡ ಒಂದೂ ತಿಳಿಯಲಿಲ್ಲ. ಮುದ್ದೆ ಮುರಿದರು.

ಕಾವು ನಿಂತಿತು. ಊತ ಬೆಳೆಯುವುದೂ ನಿಂತಿತು. ಒಳಗಿನ ರಕ್ತ ಕಟ್ಟಿಕೊಂಡ ಮೇಲೆ ಡಾಕ್ಟರು ಬಂದು ಊತದ ಕೆಳಭಾಗದಲ್ಲಿ ಕುಯ್ದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಮರಿಯ ತಲೆ ಹಿಡಿದಿದ್ದವರು ಅತ್ತೆ. ಕಪ್ಪಗೆ ಗಡ್ಡೆ ಗಡ್ಡೆಯಾಗಿ ರಕ್ತ ಈಚೆಗೆ ಬಂತಂತೆ. ಹೊಸ ರಕ್ತ ಹರಿಯಲಿಲ್ಲ. ಗಾಯ ತೊಳೆದು ಔಷಧಿ ಹಾಕುವ ಕೆಲಸವನ್ನು ಇಬ್ಬರೂ ಸೇರಿ ಮಾಡಿದೆವು. ಮಳೆಗಾಲ ಹಿಡಿಯುವ ಹೊತ್ತಿಗೆ ಮರಿ ಮತ್ತೆ ಅಂಗಳದಲ್ಲಿ ಕುಣಿಯುತ್ತಿತ್ತು.

ಈಗ ನಾನೂ ಒಬ್ಬ ಸೊಸೆಗೆ ಅತ್ತೆ. ಅವಳು ಸುಮ್ಮನಿದ್ದರೆ ನನಗೆ ತಡೆಯುವುದಿಲ್ಲ, ಏನಮ್ಮಾ ಎಂದು ಕೇಳಿಯೇ ಕೇಳುತ್ತೇನೆ. ವಟವಟ ಜಾಸ್ತಿ ನಮ್ಮತ್ತೆಗೆ ಎಂದು ಅವಳು ತವರಿನಲ್ಲಿ ನಗುತ್ತಾಳಂತೆ. ನಗಲಿ ಬಿಡಿ. ನನ್ನ ಅತ್ತೆ ಬಾಯಿಬಿಟ್ಟು ಹೇಳದೆ ನನಗಾಗಿ ಮಾಡಿದ್ದನ್ನು ಇವತ್ತಿಗೂ ಮರೆತಿಲ್ಲ. ಆದರೆ ಅವರೊಂದು ಮಾತು, ನಾನೊಂದು ಮಾತು ಆಡಿದ್ದರೆ ಆ ಮರಿ ಅಷ್ಟು ದಿನ ನರಳಬೇಕಿರಲಿಲ್ಲ.