ನಳಿಗೆಯ ಕೆಳಗಿನ ಅಕ್ಷತೆ

ಬಂದೂಕಿಗೆ ಏನೂ ಆಗಿರಲಿಲ್ಲ, ನನ್ನ ಸೊಸೆಯ ಕೈಗೂ ಏನೂ ಆಗಿರಲಿಲ್ಲ. ಆಯುಧಪೂಜೆಯ ದಿನ ನಾನು ಹಾಕಿದ ಅಕ್ಷತೆಯ ಒಂದು ಕಾಳು ನಳಿಗೆಗೂ ಅದು ಕೂರುವ ಮರಕ್ಕೂ ನಡುವೆ ಸಿಕ್ಕಿಕೊಂಡು ಎರಡು ತಿಂಗಳು ಅವಳ ಗುರಿ ಕೆಡಿಸಿತ್ತು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ನಾವು ಬಾಯಿಂದ ಸೇರಿಸಿದ್ದು, ಅದರಲ್ಲಿ ಹೆಚ್ಚಿನ ಪಾಲು ನನ್ನದು.

ಅಮೆರಿಕದ ಸನ್ನಿವೇಲಿನ ಅಪಾರ್ಟ್‌ಮೆಂಟಿನಲ್ಲಿ, ಮೊಮ್ಮಗಳು ಓಡಾಡುವ ಮನೆಯಲ್ಲಿ, ಬಂದೂಕಿಗೇನು ಕೆಲಸ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಸೊಸೆ ಚೈತ್ರಾ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ವಾರವೆಲ್ಲ ಸೂಜಿಮೊನೆಯಷ್ಟು ದ್ರವ ಅಳೆದು ಅಳೆದು ಸುರಿಯುವವಳು. ಭಾನುವಾರ ಬೆಟ್ಟದ ಮೇಲಿನ ರೇಂಜಿಗೆ ಹೋಗಿ ಐವತ್ತು ಗಜ ದೂರದ ಕಾಗದಕ್ಕೆ ಗುಂಡು ಹೊಡೆಯುತ್ತಾಳೆ. ಹಕ್ಕಿಗಲ್ಲ, ಹಂದಿಗಲ್ಲ, ಬರೀ ಕಾಗದಕ್ಕೆ. ಒಮ್ಮೆ ಒತ್ತಿದರೆ ಒಂದೇ ಗುಂಡು ಹಾರುತ್ತದೆ, ಖಾಲಿ ತೋಟಾ ತಾನೇ ಹೊರಗೆ ಬಿದ್ದು ಮುಂದಿನದು ತಾನೇ ಬಂದು ಕೂರುತ್ತದೆ. ಮನೆಯಲ್ಲಿ ಅದು ಕಬ್ಬಿಣದ ಪೆಟ್ಟಿಗೆಯೊಳಗೆ ಬೀಗ ಹಾಕಿಕೊಂಡಿರುತ್ತದೆ. ನನ್ನ ಒಡವೆಗೂ ಅಷ್ಟು ಭದ್ರತೆ ಇಲ್ಲ.

ಗುರಿ ತಿದ್ದುವುದೆಂದರೆ ಕಣ್ಣು ಚೂಪು ಮಾಡಿಕೊಳ್ಳುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಬೇಸಿಗೆಯಲ್ಲಿ ಅವಳು ಬಾಲ್ಕನಿಯಲ್ಲಿ ಕೂತು, ಬಂದೂಕಿನ ಮರವನ್ನು ಬಿಚ್ಚಿ, ನಳಿಗೆ ಕೂರುವ ಕಾಲುವೆಯನ್ನು ಉಪ್ಪುಕಾಗದದಿಂದ ದಿನಾ ಒಂದಿಷ್ಟು ಉಜ್ಜಿದಳು. ಗುಂಡು ಹೊರಡುವಾಗ ನಳಿಗೆ ತಂತಿಯ ಹಾಗೆ ಅದುರುತ್ತದೆ, ಪ್ರತಿ ಸಲವೂ ಒಂದೇ ರೀತಿ ಅದುರಿದರೆ ಗುಂಡು ಒಂದೇ ಕಡೆ ಹೋಗುತ್ತದೆ, ಮರ ಎಲ್ಲಾದರೂ ತಾಗಿದರೆ ಆ ಅದುರು ಕೆಡುತ್ತದೆ ಎಂದು ನನಗೆ ತಿಳಿಸಿದಳು. ಉಜ್ಜಿ ಮುಗಿದ ಮೇಲೆ ಒಂದು ಕಾಗದವನ್ನು ಮಡಚಿ ನಳಿಗೆಯ ಕೆಳಗೆ ತೂರಿಸಿ ತುದಿಯಿಂದ ಬುಡದವರೆಗೆ ಎಳೆದಳು, ಎಲ್ಲೂ ತಡೆಯಲಿಲ್ಲ. ಆ ತಿಂಗಳು ಅವಳ ಐದು ಗುಂಡುಗಳೂ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುತ್ತಿದ್ದವು. ರೇಂಜಿನ ಕ್ಲಬ್ಬಿನ ಹೆಂಗಸರ ತಂಡಕ್ಕೆ ಇವಳ ಹೆಸರು ಬಂತು.

ಆಮೇಲೆ ಬಂತು ಆಯುಧಪೂಜೆ. ಎರಡು ಕಾರು, ಮೂರು ಲ್ಯಾಪ್‌ಟಾಪು, ಮಿಕ್ಸಿ, ಈಳಿಗೆ, ಎಲ್ಲಕ್ಕೂ ಕುಂಕುಮ ಆಯಿತು. ಮನೆಯಲ್ಲಿದ್ದ ನಿಜವಾದ ಆಯುಧ ಅದೊಂದೇ, ಅದನ್ನು ಬಿಡುವುದುಂಟೇ? ಚೈತ್ರಾ ಹೊರಗೆ ತೆಗೆದು, ಖಾಲಿ ಇದೆ ಎಂದು ಮೂರು ಸಲ ತೋರಿಸಿ, ಮಣೆಯ ಮೇಲೆ ಇಟ್ಟಳು. ನಾನು ತುಪ್ಪ, ಅರಿಶಿನ ಕಲಸಿದ ಅಕ್ಕಿಯನ್ನು ಧಾರಾಳವಾಗಿಯೇ ಹಾಕಿದೆ. ಅವಳು ಬಟ್ಟೆಯಿಂದ ಒರೆಸಿ ಒಳಗಿಟ್ಟಳು. ಕಾಣುವುದನ್ನು ಮಾತ್ರ ಒರೆಸುವುದಕ್ಕೆ ಆಗುವುದು.

ಮುಂದಿನ ವಾರದಿಂದ ಕಾಗದಕ್ಕೆ ಅಮ್ಮ ಎದ್ದ ಹಾಗಾಯಿತು. ಒಂದು ಗುಂಡು ಮೇಲೆ, ಒಂದು ಬಲಕ್ಕೆ. ಅವಳು ತಾಳ್ಮೆಯವಳು, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾಳೆ: ಒಂದು ವಾರ ಬೇರೆ ತೋಟಾ, ಇನ್ನೊಂದು ವಾರ ದುರ್ಬೀನಿನ ತಿರುಪು, ಮತ್ತೊಂದು ವಾರ ನಳಿಗೆಯ ಒಳಗೆಲ್ಲ ಬ್ರಶ್ಶು, ಕೊನೆಗೆ ತೋಟಾ ತುಂಬುವ ಡಬ್ಬಿ. ಏನೂ ಆಗಲಿಲ್ಲ. ಮರದ ಕಡೆ ಮಾತ್ರ ತಿರುಗಿ ನೋಡಲಿಲ್ಲ, ಯಾಕೆಂದರೆ ಅದನ್ನು ತಾನೇ ಉಜ್ಜಿ ಸರಿ ಮಾಡಿದ್ದಳು. ನಾವೇ ಸರಿ ಮಾಡಿಟ್ಟದ್ದರ ಮೇಲೆ ನಮಗೆ ಅನುಮಾನ ಬರುವುದು ಎಲ್ಲಕ್ಕಿಂತ ಕೊನೆಗೆ.

ನಾನು ಸುಮ್ಮನಿರಬಹುದಿತ್ತು. "ಕೈ ನಡುಗ್ತದೆ ಕಣೇ ನಿಂಗೆ," ಅಂದೆ. "ಹೊತ್ತೊತ್ತಿಗೆ ಉಣ್ಣಲ್ಲ, ರೈಲಲ್ಲೇ ಅರ್ಧ ಆಯಸ್ಸು ಕಳೀತೀಯ, ಇನ್ನೇನಾಗ್ತದೆ?"

ಅಂದದ್ದು ಒಂದು ಸಲವಲ್ಲ, ಕಾಗದ ಮನೆಗೆ ಬಂದಾಗಲೆಲ್ಲ ಅಂದೆ. ಮಗ ಮಧು ನಗುತ್ತ, "ಅಮ್ಮ ಈಸ್ ರೈಟ್, ಸ್ವಲ್ಪ ರೆಸ್ಟ್ ತಗೋ," ಅಂದ. ಅವಳು ಕಾಫಿ ಬಿಟ್ಟಳು. ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದಳು. ಊಟದ ಮೇಜಿನಲ್ಲಿ ಅಂಗೈ ಚಾಚಿ ಬೆರಳುಗಳನ್ನು ನೋಡಿಕೊಳ್ಳುವುದನ್ನು ನಾನೇ ಕಂಡೆ, ಕಂಡೂ ಮಾತು ಬದಲಿಸಲಿಲ್ಲ. ಡಿಸೆಂಬರಿನ ಒಂದು ಶನಿವಾರ ಅವಳು ತಂಡದಿಂದ ಹೆಸರು ತೆಗೆಯುತ್ತೇನೆಂದು ಫೋನಿನಲ್ಲಿ ಬರೆದಿಟ್ಟಳು. ಭಾನುವಾರ ಮಧ್ಯಾಹ್ನದೊಳಗೆ ಕಳಿಸಬೇಕಿತ್ತು. ಕೊನೇ ಸಲ ಶುಚಿ ಮಾಡಿ ಬಂದೂಕು ಮಾರಿಬಿಡೋಣವೆಂದು ಅದೇ ಸಂಜೆ ಮೇಜಿನ ಮೇಲೆ ಟವೆಲ್ಲು ಹಾಸಿ ಮರ ಬಿಚ್ಚಿದಳು.

ಟವೆಲ್ಲಿನ ಮೇಲೆ ಹಳದಿ ಕಾಳೊಂದು ಬಿತ್ತು.

"ಅತ್ತೆ, ಏನಿದು?"

"ಅಕ್ಷತೆ."

"ಒಳಗೆ ಹೆಂಗ್ ಹೋಯ್ತು?"

"ಮೇಲೆ ಹಾಕಿದ್ದು ನಾನು. ಒಳಗೆ ಹೋಗಿದ್ದು ಅದು."

ಮಧು ನಗಲು ಶುರುಮಾಡಿದ. ಅವಳು ನಗಲಿಲ್ಲ. ಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡು ನೋಡಿ, "ಅಕ್ಕಿ ಬಿಡಿ ಅತ್ತೆ, ಅದಕ್ಕೇನು ಗೊತ್ತು," ಅಂದಳು. "ಕೈ ನಡುಗತ್ತೆ, ಕೈ ನಡುಗತ್ತೆ ಅಂದ್ರಲ್ಲ, ಅದನ್ನ ನಾನು ನಂಬಿಬಿಟ್ಟೆ. ಲ್ಯಾಬಲ್ಲೂ ಈಗ ಎರಡೆರಡು ಸಲ ಅಳೀತಾ ಇದೀನಿ, ಗೊತ್ತಾ ನಿಮಗೆ?"

ನನಗೆ ಗೊತ್ತಿರಬೇಕಿತ್ತು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಹದಿನಾರಕ್ಕೆ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಸೇರಿದವಳು. ಬಿಸಿನೀರಿನ ಬಾನಿಯಲ್ಲಿ ಗೂಡು ಕುಣಿಯುತ್ತಿರುತ್ತವೆ, ಎಂಟು ಹತ್ತು ಎಳೆ ಸೇರಿಸಿ ಪಿಂಗಾಣಿ ಗುಂಡಿಯ ತೂತಿನಲ್ಲಿ ಹಾಯಿಸಿ ಮೇಲಿನ ರಾಟೆಗೆ ಕೊಡಬೇಕು. ನನ್ನ ಎಳೆ ಮೇಲಿಂದ ಮೇಲೆ ಹರಿಯುತ್ತಿತ್ತು. ಮೇಸ್ತ್ರಿ ಬಂದು, ನಿನ್ನ ಕೈ ಈ ಕೆಲಸಕ್ಕೆ ಆಗಿಬರಲ್ಲ ಎಂದು ಗೂಡು ಆರಿಸುವ ಕಡೆ ಕೂರಿಸಿದ. ನನ್ನ ಜಾಗಕ್ಕೆ ಬಂದ ಹುಡುಗಿಗೂ ಎಳೆ ಹರಿಯಿತು, ಅವಳ ನಂತರದವಳಿಗೂ ಹರಿಯಿತು, ಆಗ ಯಾರೋ ಗುಂಡಿ ತಿರುಗಿಸಿ ನೋಡಿದರೆ ತೂತಿನ ಅಂಚು ಕೂದಲೆಳೆಯಷ್ಟು ಚಕ್ಕೆ ಎದ್ದಿತ್ತು. ಹೊಸ ಗುಂಡಿ ಹಾಕಿದರು. ನಿನ್ನ ಕೈಯದು ತಪ್ಪಲ್ಲ ಎಂದು ನನಗೆ ಮಾತ್ರ ಯಾರೂ ಬಂದು ಹೇಳಲಿಲ್ಲ. ಮದುವೆಯಾಗಿ ಎರಡು ಮಕ್ಕಳಾದ ಮೇಲೂ ಸೂಜಿಗೆ ದಾರ ಪೋಣಿಸುವಾಗ ಆ ಮೇಸ್ತ್ರಿಯ ಮಾತು ಕಿವಿಯಲ್ಲಿರುತ್ತಿತ್ತು, ದಾರ ಆಚೀಚೆ ಹೋಗುತ್ತಿತ್ತು.

ಯಂತ್ರದಲ್ಲಿ ತಪ್ಪು ಹುಡುಕುವುದಕ್ಕೆ ಬಿಚ್ಚಬೇಕು, ತಿರುಪು ಎಣಿಸಬೇಕು, ಕೈಗೆ ಎಣ್ಣೆಯಾಗುತ್ತದೆ. ಮನುಷ್ಯರಲ್ಲಿ ಹುಡುಕುವುದಕ್ಕೆ ಕೂತ ಜಾಗದಿಂದ ಏಳಬೇಕಾಗಿಲ್ಲ. ಅದಕ್ಕೇ ನಾವು ಮೊದಲು ಅಲ್ಲಿಗೇ ಹೋಗುತ್ತೇವೆ. ಮೇಸ್ತ್ರಿ ಕೆಟ್ಟವನು ಎಂದು ಐವತ್ತು ವರ್ಷ ಬೈದುಕೊಂಡಿದ್ದೆ. ಅವನು ನನಗಿಂತ ಕೆಟ್ಟವನೇನೂ ಆಗಿರಲಿಲ್ಲ ಎಂದು ಆ ಸಂಜೆ ಒಪ್ಪಿಕೊಳ್ಳಬೇಕಾಯಿತು.

"ನಿನ್ನ ಕೈ ಸರಿಯಾಗೇ ಅದೆ ಚೈತ್ರಾ. ನಾನಂದಿದ್ದು ತಪ್ಪು," ಎಂದೆ. ಅವಳು ಕಾಲುವೆ ಒರೆಸಿ, ಮರ ಜೋಡಿಸಿ, ಕಾಗದ ಎಳೆದು ನೋಡಿ, ಬಂದೂಕನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಳು. ಒಂದು ಮಾತಿನಿಂದ ಎರಡು ತಿಂಗಳ ಮಾತು ಹೋಗುವುದಿಲ್ಲ, ಅದು ನನಗೆ ಗೊತ್ತು.

ಮರುದಿನ ಬೆಳಿಗ್ಗೆ ಅವಳು ಕಾರು ತೆಗೆಯುವ ಮೊದಲೇ ನಾನು ಸ್ವೆಟರು ಹಾಕಿಕೊಂಡು, ಮಡಚುವ ಕುರ್ಚಿ ಹಿಡಿದು ಹೋಗಿ ಮುಂದಿನ ಸೀಟಿನಲ್ಲಿ ಕೂತೆ. ಅವಳು ಕುರ್ಚಿಯನ್ನು ಹಿಂದಿನ ಸೀಟಿಗೆ ಹಾಕಿ ಕಾರು ತೆಗೆದಳು. ರೇಂಜಿನಲ್ಲಿ ನನ್ನ ಕಿವಿಗೆ ದಪ್ಪನೆಯ ಮುಚ್ಚಳ ಹಾಕಿ, ಗೆರೆಯ ಹಿಂದೆ ಕೂರಿಸಿದಳು. ಐದು ಗುಂಡು ಹೊಡೆದಳು. ದುರ್ಬೀನಿನಲ್ಲಿ ನೋಡಿದಳು, ನನಗೂ ತೋರಿಸಿದಳು: ನಾಲ್ಕು ಒಟ್ಟಿಗೆ, ಒಂದು ದೂರ. ಆ ಒಂದನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತ ನಿಂತಳು.

ನಾನು ಕೈ ಎತ್ತಿ ಐದು ಬೆರಳು ತೋರಿಸಿದೆ. ಇನ್ನೈದು ಹೊಡಿ.

ಹೊಡೆದಳು. ಈ ಸಲ ಐದೂ ಒಂದಕ್ಕೊಂದು ತಾಗಿಕೊಂಡು ಒಂದೇ ತೂತಿನ ಹಾಗೆ ಕಂಡವು. ಬಂದೂಕನ್ನು ಖಾಲಿ ಮಾಡಿ ಮೇಜಿನ ಮೇಲಿಟ್ಟು, ಜೇಬಿನಿಂದ ಫೋನು ತೆಗೆದು, ಬರೆದಿಟ್ಟದ್ದನ್ನು ಅಳಿಸಿದಳು. ಕೆಲಸ ಮುಗಿಯಿತೆಂದು ನಾನು ಎದ್ದು ಕುರ್ಚಿ ಮಡಚತೊಡಗಿದೆ.

ಅವಳು ನನ್ನ ಒಂದು ಕಿವಿಯ ಮುಚ್ಚಳ ಎತ್ತಿ, "ಎಲ್ಲಿಗ್ ಹೊರಟ್ರಿ ಅತ್ತೆ? ಇನ್ನೂ ನಲವತ್ತು ಗುಂಡಿದೆ, ಕೂತ್ಕೊಳ್ಳಿ," ಎಂದಳು.

ಕೂತೆ.